ಕಪ್ಪೆಚಿಪ್ಪಿನಿಂದ ಮೂಳೆಯ ಖನಿಜ

ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ಆ ಸುಣ್ಣಕ್ಕೆ ರಂಜಕವನ್ನು ಕೂಡಿಸಿದರೆ, ಮೂಳೆಯ ಕೊರತೆ ತುಂಬಲು ವೈದ್ಯರು ಬಳಸುವ ಹೈಡ್ರಾಕ್ಸಿಅಪಟೈಟು ದೊರೆಯುತ್ತದೆ. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟು. 900 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕಾಸಿದಾಗ ಅದರ 100 ಗ್ರಾಮಿನಿಂದ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದನ್ನು ನೀರಿನಲ್ಲಿ ಅರಳಿಸಿ, ಫಾಸ್ಫಾರಿಕ್ ಆಮ್ಲವನ್ನು ತೊಟ್ಟುತೊಟ್ಟಾಗಿ ಬೆರೆಸತಕ್ಕದ್ದು. ದ್ರಾವಣವು ಕ್ಷಾರೀಯವಾಗಿಯೇ ಇದ್ದಲ್ಲಿ ಬಿಳಿಯ ಗಸಿ ಇಳಿಯುತ್ತದೆ.

ನಾವು ಒತ್ತಿ ಹೇಳಬೇಕಾದುದು ಪ್ರಮಾಣದ ಮಾತು. ಕ್ಯಾಲ್ಸಿಯಂ ಪರಮಾಣು 10 ಇದ್ದರೆ ರಂಜಕದ್ದು 6 ಇರಬೇಕು. ಸುಣ್ಣ ಕಡಮೆಯಾದರೆ, ಗಸಿಯನ್ನು ಬಿಲ್ಲೆ ಮಾಡಿ ಬೇಯಿಸುವಾಗ ಟ್ರೈಕ್ಯಾಲ್ಸಿಯಂ ಫಾಸ್ಫೇಟು ಹುಟ್ಟುತ್ತದೆ. ಅದು ಶರೀರದಲ್ಲಿ ಬೇಗ ಕರಗುವುದಾದರೂ ಕೆಲವೆಡೆ ಅದೇ ಬೇಕಾಗುವುದುಂಟು. ಸುಣ್ಣ ಮಿಕ್ಕರೆ ಮಾತ್ರ ಕೆಡುಕು: ಅದು ತೇವ ಹೀರಿ ಉಬ್ಬಿ ಬಿಲ್ಲೆಯನ್ನು ಬಿರಿಸುತ್ತದೆ, ಸುತ್ತಣ ಜೀವಕೋಶಗಳನ್ನು ತನ್ನ ಕ್ಷಾರದಿಂದ ಬಾಧಿಸುತ್ತದೆ.