ಸುಮ್ಮನಿರುವ ತಂತಿಯ ಮೇಲೆ ಕಾವಲು

ಜಾತ್ರೆಯ ಮೈಕ್ ಸೆಟ್‌ನಲ್ಲಿ ಒಂದು ಹಾರ್ನ್ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ತೇರುಬೀದಿಯ ಆ ತುದಿಯಿಂದ ಯಾರೋ ಕೂಗುತ್ತಾರೆ, ಸೆಟ್ಟಿನ ಹುಡುಗ ವೈರಿನ ಗುಂಟ ಓಡುತ್ತಾನೆ. ಆಸ್ಪತ್ರೆಯ, ನೆಲದಡಿಯ ರೈಲು ನಿಲ್ದಾಣದ ಸೂರಿನಲ್ಲಿ ಕೂತ ತುರ್ತು ಸ್ಪೀಕರ್‌ಗಳಿಗೆ ಅಂಥ ಕೇಳುಗರಿಲ್ಲ. ಬೆಂಕಿಯ ಎಚ್ಚರಿಕೆ ಕೊಡಬೇಕಾದ ಅವು ವರ್ಷಗಟ್ಟಲೆ ಬಾಯಿ ಬಿಡದೆ ಇರಬಹುದು. ಇಲಿ ಕಡಿದ ತಂತಿಯೂ ಸರಿಯಿರುವ ತಂತಿಯೂ ಆಗ ಒಂದೇ ರೀತಿ ಸುಮ್ಮನಿರುತ್ತವೆ. ಯಾವುದು ಯಾವುದೆಂದು ಬೆಂಕಿ ಬಿದ್ದ ದಿನ ತಿಳಿದು ಏನು ಫಲ?

ಈ ತೊಡಕಿಗೆ ಪರಿಹಾರದ ದಾರಿ ಧ್ವನಿವರ್ಧಕ ಹುಟ್ಟುವ ಮುನ್ನವೇ ರೈಲು ಹಳಿಯ ಮೇಲೆ ಸಿಕ್ಕಿತ್ತು. ಅಮೆರಿಕದ ವಿಲಿಯಂ ರಾಬಿನ್‌ಸನ್ ಮೊದಲು ಮಾಡಿದ ಸಿಗ್ನಲ್‌ನಲ್ಲಿ ರೈಲು ಬಂದಾಗಷ್ಟೇ ವಿದ್ಯುತ್ ಹರಿಯುತ್ತಿತ್ತು. ತಂತಿ ಕಡಿದರೆ, ರೈಲು ನಿಂತಿದ್ದರೂ ದಾರಿ ಖಾಲಿ ಎಂದೇ ತೋರಿಸುತ್ತಿತ್ತು. 1872ರಲ್ಲಿ ಅವರು ಪೇಟೆಂಟ್ ಪಡೆದ ವ್ಯವಸ್ಥೆ ಇದನ್ನು ತಿರುವುಮುರುವು ಮಾಡಿತು. ಹಳಿಯಲ್ಲಿ ಸದಾ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ರೈಲು ಬಂದರೂ ತಂತಿ ಕಡಿದರೂ ಆ ವಿದ್ಯುತ್ ಎತ್ತಿ ಹಿಡಿದಿದ್ದ ಸ್ವಿಚ್ಚು, ಅಂದರೆ ರಿಲೇ, ಬೀಳುತ್ತದೆ, ಸಿಗ್ನಲ್ ಅಪಾಯ ತೋರಿಸುತ್ತದೆ.

ಧ್ವನಿವರ್ಧಕದ ಲೋಕಕ್ಕೆ ಈ ವಿವೇಕ ಬರಲು ಬಹಳ ಕಾಲ ಹಿಡಿಯಿತು. 1915ರ ಕ್ರಿಸ್‌ಮಸ್ ಹಿಂದಿನ ದಿನ ಪೀಟರ್ ಜೆನ್ಸೆನ್, ಎಡ್ವಿನ್ ಪ್ರಿಡಮ್ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಹಾಲ್ ಮುಂದೆ ನೆರೆದ ಭಾರೀ ಜನಸ್ತೋಮಕ್ಕೆ ಮಾತು, ಸಂಗೀತ ಕೇಳಿಸಿದಾಗ ಎಲ್ಲರ ಲಕ್ಷ್ಯವೂ ದನಿಯ ಮೇಲಿತ್ತು. ಮುಂದೆ ಒಂದೇ ಆಂಪ್ಲಿಫೈಯರ್‌ನಿಂದ ದೊಡ್ಡ ಕಟ್ಟಡಕ್ಕೆಲ್ಲ ದನಿ ಹಂಚಲು 100 ವೋಲ್ಟ್ ಲೈನ್ ಬಂತು (ಅಮೆರಿಕದಲ್ಲಿ 70.7 ವೋಲ್ಟ್). ವೋಲ್ಟೇಜ್ ಏರಿಸಿದರೆ ಕರೆಂಟ್ ಇಳಿಯುತ್ತದೆ, ಸಣ್ಣ ತಂತಿ ಸಾಕಾಗುತ್ತದೆ. ಪ್ರತಿ ಸ್ಪೀಕರ್‌ಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್.

1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಭೂಗತ ನಿಲ್ದಾಣದಲ್ಲಿ ಮರದ ಎಸ್ಕಲೇಟರ್‌ಗೆ ಬೆಂಕಿ ಹತ್ತಿ 31 ಜನ ಸತ್ತರು. ಅಲ್ಲಿ ಧ್ವನಿವರ್ಧಕವಿತ್ತು, ಯಾರೂ ಬಳಸಲಿಲ್ಲ. ಇದು ತಂತಿಯ ದೋಷವಲ್ಲ, ನಿಜ. ಆದರೆ ತುರ್ತಿನಲ್ಲಿ ಮನುಷ್ಯರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಗಿಲೆನ್ ಪ್ರೂ ಮತ್ತು ಜೊನಾಥನ್ ಸೈಮ್ ನ್ಯೂಕಾಸಲ್‌ನ ಮಾನ್ಯುಮೆಂಟ್ ನಿಲ್ದಾಣದಲ್ಲಿ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು: ಬರೀ ಗಂಟೆ ಬಾರಿಸಿದರೆ ಜನ ಸುಲಭಕ್ಕೆ ಕದಲುವುದಿಲ್ಲ, ಏನಾಗಿದೆ, ಎಲ್ಲಿಗೆ ಹೋಗಬೇಕು ಎಂದು ಹೇಳಿದರೆ ಬೇಗ ಹೊರಡುತ್ತಾರೆ. ಜೀವ ಉಳಿಸುವ ಮಾತು ಅಂದಮೇಲೆ ಅದು ಸಾಗುವ ತಂತಿಯನ್ನೂ ಕಾಯಬೇಕಲ್ಲ. 2008ರ ಯುರೋಪಿನ ಮಾನದಂಡ ಇಎನ್ 54-16ರ ಪ್ರಕಾರ, ಲೈನ್ ಕಡಿದರೆ ಅಥವಾ ಶಾರ್ಟ್ ಆದರೆ 100 ಸೆಕೆಂಡಿನೊಳಗೆ ವ್ಯವಸ್ಥೆಯ ನಿಯಂತ್ರಣ ಪ್ಯಾನೆಲ್ ಅದನ್ನು ತಿಳಿಸಬೇಕು.

ಕಾಯುವುದು ಹೇಗೆ? ರಾಬಿನ್‌ಸನ್‌ರ ದಾರಿಯೇ ಒಂದು: ಸಣ್ಣ ಡಿಸಿ ಕರೆಂಟ್ ಹರಿಸಿ, ಲೈನಿನ ತುದಿಗೊಂದು ರೆಸಿಸ್ಟರ್ ಕಟ್ಟುವುದು. ನಡುವಿನ ಟ್ರಾನ್ಸ್‌ಫಾರ್ಮರ್‌ಗಳು ಆ ಕರೆಂಟನ್ನು ನುಂಗದಂತೆ ಒಂದೊಂದಕ್ಕೂ ಕೆಪಾಸಿಟರ್ ಬೇಕು. ಲೈನಿನಿಂದ ಪಕ್ಕಕ್ಕೆ ಎಳೆದ ಕವಲು ಕಡಿದರೆ ಮಾತ್ರ ಇದಕ್ಕೆ ಕಾಣುವುದಿಲ್ಲ. ಇನ್ನೊಂದು ದಾರಿ, ಸುಮಾರು 20 ಕಿಲೋಹರ್ಟ್ಸ್‌ನ, ಕಿವಿಗೆ ನಿಲುಕದ ದನಿಯನ್ನು ಸದಾ ಕಳಿಸಿ, ಅದು ತುದಿ ಮುಟ್ಟಿತೇ ಎಂದು ನೋಡುವುದು.

ಹೆಚ್ಚುವರಿ ಬಿಡಿಭಾಗ ಬೇಡದ್ದು ಮೂರನೆಯ ದಾರಿ, ಲೈನಿನ ಇಂಪಿಡೆನ್ಸ್ (ಕರೆಂಟಿಗೆ ಅದು ಒಡ್ಡುವ ಒಟ್ಟು ತಡೆ) ಅಳೆಯುವುದು. ಸ್ಥಾಪನೆಯ ದಿನದ ಅಳತೆಯನ್ನು ಆಂಪ್ಲಿಫೈಯರ್ ನೆನಪಿಟ್ಟುಕೊಂಡು, ಆಗಾಗ ಅಳೆದು ಹೋಲಿಸುತ್ತದೆ. ನನ್ನ ಆತಂಕ ಇರುವುದು ಇಲ್ಲೇ. 6 ವಾಟ್‌ನ 40 ಸ್ಪೀಕರ್‌ಗಳ 100 ವೋಲ್ಟ್ ಲೈನ್ ಸುಮಾರು 42 ಓಮ್ ತೋರಿಸುತ್ತದೆ. ಒಂದು ಸತ್ತರೆ ಆಗುವ ವ್ಯತ್ಯಾಸ ಶೇ 2.6 ಮಾತ್ರ. ಶೇ 10ರ ಏರಿಳಿತಕ್ಕೆ ಅವಕಾಶ ಕೊಟ್ಟಿದ್ದರೆ ಮೂರು ಸ್ಪೀಕರ್ ಸತ್ತರೂ ಪ್ಯಾನೆಲ್ ಏನೂ ಹೇಳದು. ನಾಲ್ಕನೆಯದು ಹೋದಾಗಷ್ಟೇ ಹಳದಿ ದೀಪ. ಆ ಮೂರೂ ಒಂದೇ ವಾರ್ಡಿನವಾಗಿದ್ದರೆ? ಅದಕ್ಕೇ ಒಂದೇ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ಸ್ಪೀಕರನ್ನು ಎರಡು ಬೇರೆ ಲೈನುಗಳಿಗೆ ಕೊಡುವುದು ಖರ್ಚಿನ ಮಾತಾದರೂ ಸರಿಯಾದ ಕ್ರಮ. ಕ್ಯಾಂಟೀನಿಗೆಂದು ಯಾರೋ ಹೊಸ ಸ್ಪೀಕರ್ ಸೇರಿಸಿ, ದೀಪ ಹತ್ತಿದಾಗ ಮರು ಅಳತೆ ಮಾಡದೆ ಮಿತಿಯನ್ನೇ ಸಡಿಲಿಸಿದರೆ ಕಾವಲು ಮತ್ತಷ್ಟು ಕುರುಡಾಗುತ್ತದೆ. ವಾರ್ಷಿಕ ತಪಾಸಣೆಗೆ ಬಂದವರನ್ನು ಮೊದಲ ದಿನದ ಓಮ್ ಎಷ್ಟು, ಇವತ್ತಿನದೆಷ್ಟು ಎಂದು ಕೇಳಿ, ಎರಡನ್ನೂ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು.