ಬಳಸಿದ ರೋಡ್ ಸೈಕಲ್ಲಿನ ಅಳತೆ ಹೊಂದಾಣಿಕೆ

ಬಳಸಿದ ರೋಡ್ ಸೈಕಲ್ಲಿನ ಅಳತೆ ಹೊಂದಾಣಿಕೆ ಎಂಬುದು, ಒಬ್ಬರು ಓಡಿಸಿದ ಓಟದ ಮಾದರಿಯ ಸೈಕಲ್ಲು ಮತ್ತೊಬ್ಬರ ದೇಹದ ಅಳತೆಗೆ ಒಪ್ಪುತ್ತದೆಯೇ ಎಂದು ಕೊಳ್ಳುವ ಮೊದಲೇ ನಿರ್ಧರಿಸುವ ಕ್ರಮವಾಗಿದೆ. ಬಾಗಿದ ಹ್ಯಾಂಡಲ್ ಹಾಗೂ ಸಣ್ಣ ಟೈರುಗಳಿರುವ ಈ ಸೈಕಲ್ಲಿನಲ್ಲಿ ಸವಾರನು ಮುಂದಕ್ಕೆ ಬಾಗಿ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತಿರುತ್ತಾನೆ. ಆದ್ದರಿಂದ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸವೂ ಮಂಡಿ, ಸೊಂಟ ಮತ್ತು ಕತ್ತಿನ ನೋವಿಗೆ ಕಾರಣವಾಗಬಲ್ಲದು. ಈ ಪರೀಕ್ಷೆಯ ಮುಖ್ಯ ಉದ್ದೇಶ, ಸರಿಪಡಿಸಬಹುದಾದ ಅಳತೆಗಳನ್ನೂ ಸರಿಪಡಿಸಲಾಗದ ಅಳತೆಗಳನ್ನೂ ಬೇರ್ಪಡಿಸುವುದು.

ಅಳತೆಯನ್ನು ಸೂಚಿಸುವ ಬಗೆ

ಭಾರತದಲ್ಲಿ ರೂಢಿಯಲ್ಲಿರುವ ಸಾಮಾನ್ಯ ಸೈಕಲ್ಲುಗಳ ಫ್ರೇಮನ್ನು 22 ಅಥವಾ 24 ಇಂಚು ಎಂದು ಗುರುತಿಸಲಾಗುತ್ತದೆ. ಮಕ್ಕಳ ಸೈಕಲ್ಲುಗಳಲ್ಲಿ ಇಂಚಿನ ಸಂಖ್ಯೆ ಚಕ್ರದ ಅಳತೆಯನ್ನು ಹೇಳುತ್ತದೆ. ರೋಡ್ ಸೈಕಲ್ಲಿನ ಚಕ್ರವು ಸಾಮಾನ್ಯವಾಗಿ 700ಸಿ ಎಂಬ ಒಂದೇ ಅಳತೆಯದಾಗಿರುವುದರಿಂದ, ಚಕ್ರವನ್ನು ನೋಡಿ ಹೊಂದಾಣಿಕೆಯನ್ನು ತಿಳಿಯಲಾಗದು. ಇಲ್ಲಿ ಫ್ರೇಮಿನ ಸೀಟು ಕೊಳವೆಯ ಉದ್ದವನ್ನು 52, 54, 56 ಎಂಬಂತೆ ಸೆಂಟಿಮೀಟರುಗಳಲ್ಲಿ ಹೇಳುವುದು ಹಳೆಯ ಪದ್ಧತಿ. 1990ರ ದಶಕದ ಕೊನೆಯಲ್ಲಿ ಜೈಂಟ್ ಸಂಸ್ಥೆಯ ಟಿಸಿಆರ್ ಮಾದರಿಯೊಂದಿಗೆ ಮೇಲ್ಕೊಳವೆ ಇಳಿಜಾರಾಗಿರುವ ಫ್ರೇಮುಗಳು ಜನಪ್ರಿಯವಾದವು. ಇವುಗಳಲ್ಲಿ ಸೀಟು ಕೊಳವೆ ಗಿಡ್ಡವಾಗಿರುವುದರಿಂದ ಹಳೆಯ ಸಂಖ್ಯೆಗಳೊಡನೆ ನೇರ ಹೋಲಿಕೆ ಸಾಧ್ಯವಿಲ್ಲ.

ಕಾಲಿನ ಅಳತೆ

ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕವೊಂದನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಈ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಅಂದಾಜು ಎತ್ತರ ದೊರೆಯುತ್ತದೆ. ಮೂರು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಈ ಸೂತ್ರವನ್ನು ಜನಪ್ರಿಯಗೊಳಿಸಿದರು. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಸೀಟಿನ ಎತ್ತರ ಸುಮಾರು 70.6 ಸೆಂ.ಮೀ. ಆಗುತ್ತದೆ. ಪೆಡಲ್ ಕೆಳತುದಿಯಲ್ಲಿರುವಾಗ ಮಂಡಿಯು 25ರಿಂದ 35 ಡಿಗ್ರಿಯಷ್ಟು ಮಡಚಿರುವುದು ಸೂಕ್ತ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗದಲ್ಲಿಯೂ, ಎತ್ತರವಾಗಿದ್ದರೆ ಹಿಂಭಾಗದಲ್ಲಿಯೂ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ.

ಮುಂಚಾಚು

ಸೀಟಿನ ಎತ್ತರವನ್ನು ಬದಲಿಸುವುದು ಸುಲಭ. ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರವನ್ನು ಬದಲಿಸಲು ಇರುವ ಅವಕಾಶ ಸೀಮಿತವಾದುದು. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಎಂಬ ಭಾಗವು ಹೆಚ್ಚಾಗಿ 80ರಿಂದ 120 ಮಿ.ಮೀ. ಉದ್ದವಿರುತ್ತದೆ. 110 ಮಿ.ಮೀ. ಸ್ಟೆಮ್ ತೆಗೆದು 90 ಮಿ.ಮೀ.ನದನ್ನು ಹಾಕಿದರೆ ಎರಡು ಸೆಂಟಿಮೀಟರು ಹತ್ತಿರವಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ತಿದ್ದುಪಡಿ ಬೇಕಾದರೆ ಫ್ರೇಮೇ ದೊಡ್ಡದೆಂದು ತಿಳಿಯಬೇಕು. ದೂರವನ್ನು ತಗ್ಗಿಸಲೆಂದು ಸೀಟನ್ನು ಮುಂದಕ್ಕೆ ಸರಿಸುವುದು ಸೂಕ್ತವಲ್ಲ. ಹಾಗೆ ಮಾಡಿದರೆ ಪೆಡಲ್‌ಗೆ ಹೋಲಿಸಿ ಮಂಡಿಯ ಸ್ಥಾನ ಕೆಡುತ್ತದೆ.

ಬಳಸಿದ ಸೈಕಲ್ಲಿನ ವಿಶೇಷ ತೊಡಕುಗಳು

ಹಿಂದಿನ ಮಾಲೀಕರು ತಮ್ಮ ದೇಹಕ್ಕೆ ತಕ್ಕಂತೆ ಫೋರ್ಕಿನ ಮೇಲ್ಕೊಳವೆಯನ್ನು ಕತ್ತರಿಸಿದ್ದರೆ ಹ್ಯಾಂಡಲನ್ನು ಮೇಲೇರಿಸುವ ಅವಕಾಶ ಬಹುಮಟ್ಟಿಗೆ ಇರುವುದಿಲ್ಲ. ಬೆವರು ಮತ್ತು ಮಳೆನೀರಿನಿಂದ ಸೀಟಿನ ಕಂಬ ಫ್ರೇಮಿನೊಳಗೆ ಬಿಗಿದುಕೊಂಡಿರಬಹುದು. ಆದ್ದರಿಂದ ಅದನ್ನು ಸಡಿಲಿಸಿ, ಏರಿಸಿ ಇಳಿಸಿ ನೋಡುವುದು ಅಗತ್ಯ. ಕಂಬದ ಮೇಲಿನ ಕನಿಷ್ಠ ಆಳದ ಗುರುತು ಫ್ರೇಮಿನಿಂದ ಹೊರಗೆ ಕಾಣುವಷ್ಟು ಏರಿಸಬಾರದು. ಪೆಡಲ್ ತೋಳಿನ ಒಳಬದಿಯಲ್ಲಿ 170 ಅಥವಾ 172.5 ಎಂಬಂತೆ ಅದರ ಉದ್ದವನ್ನು ಮಿಲಿಮೀಟರುಗಳಲ್ಲಿ ಅಚ್ಚೊತ್ತಿರಲಾಗುತ್ತದೆ. ಗಿಡ್ಡ ಕಾಲಿನವರಿಗೆ 165 ಒಪ್ಪುವುದುಂಟು.

ಸವಾರಿ ಪರೀಕ್ಷೆ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂತಹ ವಸತಿ ಪ್ರದೇಶದ ಅಡ್ಡರಸ್ತೆಯಲ್ಲಿ ಒಂದೆರಡು ಸುತ್ತು ಹಾಕಿದರೆ ಬ್ರೇಕು, ಗೇರುಗಳ ಸ್ಥಿತಿ ತಿಳಿಯುತ್ತದೆಯೇ ಹೊರತು ಅಳತೆಯ ದೋಷ ತಿಳಿಯದು. ಅಂಗೈ ಮರಗಟ್ಟುವುದು, ಭುಜ ಬಿಗಿಯುವುದು ಮುಂತಾದವು ಅರ್ಧ ಗಂಟೆಯ ನಂತರ ಗೋಚರಿಸುತ್ತವೆ. ದಾವಣಗೆರೆಯಿಂದ ಹರಿಹರದವರೆಗಿನಷ್ಟು, ಎಂದರೆ ಸುಮಾರು 14 ಕಿ.ಮೀ. ದೂರದ ಸವಾರಿ ಹೆಚ್ಚು ವಿಶ್ವಾಸಾರ್ಹ.

ಬೆಳೆಯುವ ವಯಸ್ಸಿನ ಸವಾರರು

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಅನೇಕ ಸೈಕಲ್ ಸ್ಪರ್ಧಿಗಳನ್ನು ನೀಡಿವೆ. ಇವರಲ್ಲಿ ಹಲವರು ಗ್ರಾಮೀಣ ಕುಟುಂಬಗಳವರು. ಹೊಸ ರೋಡ್ ಸೈಕಲ್ಲಿನ ಬೆಲೆ ಇಂತಹ ಕುಟುಂಬಗಳಿಗೆ ಭಾರವಾದುದರಿಂದ, ಎಳೆಯ ಸ್ಪರ್ಧಿಗಳಿಗೆ ಬಳಸಿದ ಸೈಕಲ್ಲು ಕ್ರೀಡೆಯ ಪ್ರವೇಶದ್ವಾರವಾಗಬಲ್ಲದು. ಬೆಳೆಯುವ ಮಗುವಿಗೆ ದೊಡ್ಡ ಅಂಗಿ ಹೊಲಿಸುವಂತೆ ದೊಡ್ಡ ಫ್ರೇಮನ್ನು ಕೊಳ್ಳುವುದು ಇಲ್ಲಿ ಹಿತಕರವಲ್ಲ. ಸಡಿಲವಾದ ಅಂಗಿಯಿಂದ ದೇಹಕ್ಕೆ ಹಾನಿಯಿಲ್ಲ, ಆದರೆ ದೊಡ್ಡ ಸೈಕಲ್ಲಿನ ಮೇಲೆ ಚಾಚಿಕೊಂಡು ನಿತ್ಯ ಹಲವು ಕಿಲೋಮೀಟರು ಅಭ್ಯಾಸ ಮಾಡುವುದು ಬೆಳೆಯುತ್ತಿರುವ ದೇಹಕ್ಕೆ ನೋವುಂಟುಮಾಡಬಹುದು. ಎರಡು ಅಳತೆಗಳ ನಡುವೆ ಸಂದೇಹವಿದ್ದಾಗ ಚಿಕ್ಕದನ್ನು ಆರಿಸುವುದು ಸಾಮಾನ್ಯವಾಗಿ ಮೇಲು. ಚಿಕ್ಕ ಫ್ರೇಮಿಗೆ ಉದ್ದನೆಯ ಸ್ಟೆಮ್ ಹಾಕಿ, ಸೀಟನ್ನು ಏರಿಸಿ ಕೆಲಮಟ್ಟಿಗೆ ಹೊಂದಿಸಬಹುದು. ದೊಡ್ಡ ಫ್ರೇಮನ್ನು ಕುಗ್ಗಿಸಲಾಗದು.