ಹೊಸಬರಿಗೆ ವೆಲ್ಡಿಂಗ್ ತರಬೇತಿ: ಕೋರ್ಸಿನ ಆಯ್ಕೆ ಹೇಗೆ?

ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳಲ್ಲಿ ಕೆಟ್ಟ ವೆಲ್ಡಿಂಗ್‌ನಿಂದಾಗುವ ನಷ್ಟವು ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಅದು ರಾಡ್ ಖರೀದಿ, ಗ್ರೈಂಡಿಂಗ್ ವ್ಹೀಲ್, ವಿದ್ಯುತ್ ಬಿಲ್ಲು ಮತ್ತು ಓವರ್‌ಟೈಮ್ ಎಂಬ ಶೀರ್ಷಿಕೆಗಳಲ್ಲಿ ಹಂಚಿಹೋಗಿರುತ್ತದೆ. ಉದಾಹರಣೆಗೆ, ಒಬ್ಬ ವೆಲ್ಡರ್ ದಿನವೊಂದಕ್ಕೆ ಐದು ಬೆಸುಗೆಗಳನ್ನು ಕೆರೆದು ಪುನಃ ಹಾಕುತ್ತಾನೆ, ಪ್ರತಿಯೊಂದಕ್ಕೂ ಅರ್ಧ ಗಂಟೆ ತಗಲುತ್ತದೆ ಎಂದಿಟ್ಟುಕೊಳ್ಳೋಣ. 25 ದಿನಗಳಿಗೆ 62.5 ಗಂಟೆ, ಅಂದರೆ ಹೆಚ್ಚುಕಡಿಮೆ ಎಂಟು ದಿನಗಳ ಸಂಬಳ ವ್ಯರ್ಥವಾದಂತಾಯಿತು. ಆದುದರಿಂದ ಹೊಸ ಹುಡುಗನನ್ನು ತರಬೇತಿಗೆ ಕಳುಹಿಸುವಾಗ ಶುಲ್ಕ ಎಷ್ಟು ಕಡಿಮೆ ಎಂಬುದಕ್ಕಿಂತ ಆತನು ಏನನ್ನು ಕಲಿತು ಬರುವನೆಂಬುದನ್ನು ಮೊದಲು ವಿಚಾರಿಸುವುದು ಸೂಕ್ತ.

ಮೊದಲು ಕೆಲಸ, ಅನಂತರ ಕೋರ್ಸ್

ವೆಲ್ಡಿಂಗ್ ಎಂಬುದು ಒಂದೇ ವಿದ್ಯೆಯಲ್ಲ. ಗೇಟು, ಗ್ರಿಲ್ಲು, ಶೆಡ್ಡಿನ ಕಟ್ಟಡ ಕೆಲಸಗಳಿಗೆ ರಾಡ್ ಬಳಸುವ ಆರ್ಕ್ ವೆಲ್ಡಿಂಗ್ ಸಾಕಾಗುತ್ತದೆ. ಬಯಲಿನಲ್ಲಿಯೂ ಅದನ್ನು ಮಾಡಬಹುದು. ಟ್ರ್ಯಾಕ್ಟರ್ ಟ್ರೇಲರ್, ಮಶೀನಿನ ಫ್ರೇಮ್ ಮುಂತಾದ ಒಂದೇ ಬಗೆಯ ಉದ್ದನೆಯ ಬೆಸುಗೆಗಳಿಗೆ ಸಿಒಟು ವೆಲ್ಡಿಂಗ್ ವೇಗವಾದುದು. ಆದರೆ ಗಾಳಿ ಬೀಸುವಲ್ಲಿ ಅದರ ಅನಿಲದ ರಕ್ಷಣೆ ಚದುರಿಹೋಗುತ್ತದೆ. ಹೋಟೆಲ್ ಉಪಕರಣ, ಡೇರಿ ಪಾತ್ರೆ ಮೊದಲಾದ ತೆಳು ಸ್ಟೇನ್‌ಲೆಸ್ ಸ್ಟೀಲ್ ಕೆಲಸಕ್ಕೆ ಆರ್ಗಾನ್ ವೆಲ್ಡಿಂಗ್ ಅಗತ್ಯ. ಆರ್ಕ್ ಕಲಿತವನು ಆರ್ಗಾನ್‌ನಲ್ಲಿಯೂ ನಿಪುಣನಾಗಿರುವನೆಂದು ಭಾವಿಸಲಾಗದು. ಕಳೆದ ಆರು ತಿಂಗಳ ಮಾರಾಟ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನೋಡಿದರೆ, ತಮ್ಮ ಘಟಕಕ್ಕೆ ಯಾವ ವಿಧಾನ ಬೇಕೆಂಬುದು ಮಾಲೀಕರಿಗೆ ಸ್ಪಷ್ಟವಾಗುತ್ತದೆ.

ಲಭ್ಯವಿರುವ ಮಾರ್ಗಗಳು

ಎಂಟನೆಯ ತರಗತಿ ಉತ್ತೀರ್ಣರಾದವರು ಐ.ಟಿ.ಐ.ಗಳ ಒಂದು ವರ್ಷದ ವೆಲ್ಡರ್ ಕೋರ್ಸಿಗೆ ಸೇರಬಹುದು. ಗ್ಯಾಸ್, ಆರ್ಕ್, ಸಿಒಟು, ಆರ್ಗಾನ್ ಎಲ್ಲವನ್ನೂ ಒಳಗೊಂಡಿರುವ ಈ ಕೋರ್ಸ್, ವಯಸ್ಸು ಮತ್ತು ಸಮಯ ಇರುವ ಹುಡುಗನಿಗೆ ಭದ್ರವಾದ ಬುನಾದಿ. ಈಗಾಗಲೇ ಕೆಲಸದಲ್ಲಿರುವ ಸಹಾಯಕನನ್ನು ಒಂದು ವರ್ಷ ಬಿಟ್ಟುಕೊಡಲಾಗದವರಿಗೆ ಒಂದೇ ವಿಧಾನವನ್ನು ಕಲಿಸುವ ಅಲ್ಪಾವಧಿ ಕೋರ್ಸುಗಳಿವೆ. ತಿರುಚಿರಾಪಳ್ಳಿಯಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯು ಉನ್ನತ ಮಟ್ಟದ ತರಬೇತಿಯನ್ನು ನೀಡುತ್ತದೆ. ಕೈ ಕುದುರಿದ ಮೇಲೆ ಅಲ್ಲಿಗೆ ಕಳುಹಿಸುವುದು ಲೇಸು.

ಮೂರನೆಯ ಮಾರ್ಗವು ಅಪ್ರೆಂಟಿಸ್ ಕಾಯ್ದೆ, 1961ರ ಅಡಿಯದು. 2019ರ ನಿಯಮ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇರುವವರಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯು ಶಿಷ್ಯವೇತನದ ಶೇ. 25ರಷ್ಟು ಭಾಗವನ್ನು, ತಿಂಗಳಿಗೆ 1,500 ರೂ. ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆಯನ್ನು ಮಾಡಿತು. ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ನೋಂದಣಿಗೆ ಮುನ್ನ ಪೋರ್ಟಲ್‌ನಲ್ಲಿ ಪರಿಶೀಲಿಸತಕ್ಕದ್ದು.

ಶುಲ್ಕ ಕಟ್ಟುವ ಮುನ್ನ

ತರಬೇತಿ ಸಂಸ್ಥೆಗೆ ಸ್ವತಃ ಭೇಟಿಯಿತ್ತು ಈ ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಒಳಿತು:

1. ಒಂದು ಮಶೀನಿಗೆ ಎಷ್ಟು ಮಂದಿ ಅಭ್ಯರ್ಥಿಗಳು? ಒಬ್ಬನಿಗೆ ದಿನಕ್ಕೆ ಎಷ್ಟು ಹೊತ್ತು ನಿಜವಾಗಿ ಬೆಸುಗೆ ಹಾಕಲು ಸಿಗುತ್ತದೆ?
2. ರಾಡ್, ಪ್ಲೇಟ್, ಅನಿಲದ ವೆಚ್ಚ ಶುಲ್ಕದಲ್ಲಿ ಸೇರಿದೆಯೇ?
3. ಹಾಕಿದ ಬೆಸುಗೆಯನ್ನು ಬಗ್ಗಿಸಿ ಅಥವಾ ಮುರಿದು ಪರೀಕ್ಷಿಸುತ್ತಾರೆಯೇ?
4. ಹೊಗೆ ಹೊರಹೋಗುವ ವ್ಯವಸ್ಥೆ ಇದೆಯೇ?

ಮೂರನೆಯ ಪ್ರಶ್ನೆ ಬಹಳ ಮುಖ್ಯ. ಸಿಒಟು ವೆಲ್ಡಿಂಗ್‌ನಲ್ಲಿ ಮೇಲ್ನೋಟಕ್ಕೆ ಅಂದವಾಗಿರುವ ಬೆಸುಗೆಯೂ ಒಳಗೆ ಲೋಹಕ್ಕೆ ಕೂಡಿಕೊಳ್ಳದೆ ಇರಬಹುದು. ಇಂತಹ ಬೆಸುಗೆ ಟ್ರೇಲರಿನ ಹುಕ್ಕಿನಲ್ಲಿದ್ದರೆ ರಸ್ತೆಯಲ್ಲಿ ಜೀವಹಾನಿಯಾದೀತು. ನಾಲ್ಕನೆಯದನ್ನೂ ಕಡೆಗಣಿಸಲಾಗದು; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ.

ಪ್ರಮಾಣಪತ್ರದ ಬೆಲೆ

ಹೊರದೇಶದ ಉದ್ಯೋಗದ ಆಸೆಯಿಂದ ಅನೇಕ ಯುವಕರು ನೇರವಾಗಿ 6ಜಿ ಕೋರ್ಸಿಗೆ ಹಣ ಕಟ್ಟುತ್ತಾರೆ. 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯುವ ಪರೀಕ್ಷೆ ಅದು. ಸಮತಟ್ಟಾದ ಪ್ಲೇಟಿನ ಮೇಲೆ ನೇರ ಗೆರೆ ಎಳೆಯಲು ಬಾರದವನಿಗೆ ಅದರಿಂದ ಪ್ರಯೋಜನವಿಲ್ಲ. ಪ್ಲೇಟು, ನೆಟ್ಟಗೆ ನಿಂತ ಬೆಸುಗೆ, ತಲೆಯ ಮೇಲಿನ ಬೆಸುಗೆ, ಅನಂತರ ಪೈಪು ಎಂಬುದೇ ಸರಿಯಾದ ಕ್ರಮ. ಇದಲ್ಲದೆ, ಬಾಯ್ಲರ್ ಮತ್ತು ಪ್ರೆಶರ್ ವೆಸೆಲ್ ಕೆಲಸದಲ್ಲಿ ಬಳಕೆಯಲ್ಲಿರುವ ಎ.ಎಸ್.ಎಂ.ಇ. ಸಂಹಿತೆಯ ಪ್ರಕಾರ, ಆರು ತಿಂಗಳು ಆ ವಿಧಾನದಲ್ಲಿ ಕೆಲಸ ಮಾಡದಿದ್ದರೆ ವೆಲ್ಡರನ ಅರ್ಹತೆ ಮುಗಿಯುತ್ತದೆ. ಹಳೆಯ ಪ್ರಮಾಣಪತ್ರವನ್ನು ನೋಡಿ ಕೆಲಸಕ್ಕೆ ತೆಗೆದುಕೊಳ್ಳುವವರು ಇದನ್ನು ನೆನಪಿಡಬೇಕು.

ಲೆಕ್ಕದ ಮಾತು

ನೌಕರನ ತರಬೇತಿಗೆ ಮಾಡಿದ ವೆಚ್ಚವು ವ್ಯವಹಾರದ ಸಲುವಾಗಿಯೇ ಆಗಿದ್ದಲ್ಲಿ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಅರ್ಹವಾಗುತ್ತದೆ. ರಸೀದಿ, ಕಳುಹಿಸಿದ ಆದೇಶಪತ್ರ, ಹಾಜರಾತಿಯ ದಾಖಲೆಗಳನ್ನು ಕಡತದಲ್ಲಿ ಇಡತಕ್ಕದ್ದು. ಮಾಲೀಕರ ಮಗನ ಕೋರ್ಸಿನ ಶುಲ್ಕವನ್ನು ಸಂಸ್ಥೆಯ ಖರ್ಚಿಗೆ ಬರೆದರೆ, ಅದು ಸ್ವಂತ ವೆಚ್ಚವೆಂಬ ಆಕ್ಷೇಪಣೆ ಬರುವ ಸಂಭವವಿದೆ. ಮೊದಲೇ ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಿರಿ.

ತರಬೇತಿ ಮುಗಿಸಿ ಬಂದವನಿಂದ ಮೊದಲ ದಿನವೇ ತಮ್ಮ ಘಟಕದ ಪ್ಲೇಟಿನ ತುಂಡಿನ ಮೇಲೆ ಒಂದು ಬೆಸುಗೆ ಹಾಕಿಸಿ, ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಮುರಿದು ನೋಡಿರಿ. ಕೊಟ್ಟ ಶುಲ್ಕಕ್ಕೆ ಸರಿಯಾದ ರಸೀದಿ ಅದೇ ಆಗಿದೆ.